ಉಂಗುರ ಬರುವ ಲೆನ್ಸು

ತಲೆದೂಗಪ್ಪ ಎಂಬುದು ಅವರ ಹುಟ್ಟುಹೆಸರಲ್ಲ. ಯಾರು ಏನು ಹೇಳಿದರೂ, ಅರ್ಥವಾಗಲಿ ಬಿಡಲಿ, ಮೊದಲು ತಲೆಯಾಡಿಸಿಬಿಡುವ ಅಭ್ಯಾಸ ಅವರಿಗಿತ್ತು. ಅದಕ್ಕೆ ಕಚೇರಿಯವರು ಇಟ್ಟ ಹೆಸರು ಅದು. ಈಗೀಗ ನೆಂಟರ ಬಾಯಲ್ಲೂ ಅದೇ ಬರುತ್ತದೆ. ನಗರಸಭೆಯ ಜನನ ಮರಣ ವಿಭಾಗದಲ್ಲಿ ಅವರು ಗುಮಾಸ್ತರು. ಜನನದ ಕಿಟಕಿಯಲ್ಲಿ ಬೇರೊಬ್ಬರು ಕೂರುತ್ತಿದ್ದರು, ಅವರ ಮುಖ ಸದಾ ಅರಳಿರುತ್ತಿತ್ತು. ನಮ್ಮವರದು ಮರಣದ ಕಿಟಕಿ. ಬಂದವರು ಕಣ್ಣೊರೆಸಿಕೊಳ್ಳುತ್ತ ಏನೋ ಹೇಳುವರು, ಇವರು ತಲೆಯಾಡಿಸುವರು. ಆ ಕಿಟಕಿಗೆ ಅವರಷ್ಟು ಹೊಂದುವ ಮನುಷ್ಯ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ, ಹುಟ್ಟಿದ್ದರೆ ಪಕ್ಕದ ಕಿಟಕಿಯವರಿಗೆ ಗೊತ್ತಿರುತ್ತಿತ್ತು.

ಎಲ್ಲ ಶುರುವಾದದ್ದು ಆ ತಲೆಯಿಂದಲೇ. ಕಚೇರಿಗೆ ಹೊಸ ಮೇಡಂ ಬಂದರು. ಮೊದಲ ಸಭೆಯಲ್ಲಿ, "ನನಗೆ ಹಕ್ಕಿ ಅಂದ್ರೆ ಪ್ರಾಣ. ಇಲ್ಲಿ ಯಾರಿಗಾದ್ರೂ ಹಕ್ಕಿ ಫೋಟೊ ತೆಗೆಯೋ ಹವ್ಯಾಸ ಇದೆಯಾ?" ಎಂದು ಕೇಳಿದರು. ಆ ಹೊತ್ತಿಗೆ ತಲೆದೂಗಪ್ಪನವರು ಬಚ್ಚಲಿನ ನಲ್ಲಿ ನಿಲ್ಲಿಸಿ ಬಂದೆನೋ ಇಲ್ಲವೋ ಎಂಬ ಯೋಚನೆಯಲ್ಲಿದ್ದರು. ತಲೆ ಮಾತ್ರ ತನ್ನ ಪಾಡಿಗೆ ತಾನು ಆಡಿತು.

"ಹೌದಾ? ಯಾವ ಲೆನ್ಸು ನಿಮ್ಮದು?"

"ದೊಡ್ಡದು, ಮೇಡಂ."

"ಹಾಗಾದ್ರೆ ನೋಡ್ಲೇಬೇಕು. ಒಂದಷ್ಟು ಫೋಟೊ ತನ್ನಿ."

ಹೀಗೆ, ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಅವು ಕೂಗಿದ ಮೇಲೇ ಗೊತ್ತಾಗುವ ಮನುಷ್ಯ, ನಾಲ್ಕು ಜನರ ಮುಂದೆ ಪಕ್ಷಿ ಛಾಯಾಗ್ರಾಹಕನಾದ.

ಕ್ಯಾಮೆರಾಕ್ಕೆ ತೊಂದರೆಯಾಗಲಿಲ್ಲ. ಭಾವಮೈದುನನ ಹತ್ತಿರ ಹಳೆಯದೊಂದು ಬಿದ್ದಿತ್ತು. ಅದನ್ನು ಕೊಡುವಾಗ ಅವನು ಬುದ್ಧಿಮಾತನ್ನೂ ಸೇರಿಸಿ ಕೊಟ್ಟ. "ಭಾವ, ಲೆನ್ಸು ನೀವೇ ತಗೊಳ್ಳಿ. ಆದ್ರೆ ಹುಷಾರು. ಬೇರೆ ಕಂಪನಿ ಲೆನ್ಸಾದ್ರೆ ಇದಕ್ಕೆ ಸಿಕ್ಕಿಸೋಕೆ ಒಂದು ಉಂಗುರ ಬೇಕಾಗುತ್ತೆ. ಅದಕ್ಕೆ ಬೇರೆ ದುಡ್ಡು ಕೀಳ್ತಾರೆ. ಉಂಗುರದ ವಿಷಯ ಮೊದಲೇ ಕೇಳಿ."

ದೊಡ್ಡ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ, ಹಸುಗೂಸನ್ನು ಮಲಗಿಸುವ ಹಾಗೆ ಒಂದು ಲೆನ್ಸನ್ನು ಮೇಜಿನ ಮೇಲೆ ಮಲಗಿಸಿದ. "ಇದರಲ್ಲಿ ಹಕ್ಕಿ ಕಣ್ಣೊಳಗೆ ನಿಮ್ಮ ಮುಖ ಕಾಣುತ್ತೆ, ಸಾರ್," ಎಂದ. ಬೆಲೆ ಕೇಳಿದಾಗ ತಲೆದೂಗಪ್ಪನವರಿಗೆ ತಾವು ಮರಣದ ಕಿಟಕಿಯ ಆಚೆ ಬದಿಗೆ ನಿಂತ ಹಾಗಾಯಿತು. ಸ್ವಲ್ಪ ಕಡಿಮೆಯದು ಬೇಕೆಂದರು. ಅವನು ಕಡಿಮೆಯದು ತಂದ, ಇನ್ನೂ ಕಡಿಮೆಯದು ತಂದ. ಬೆಲೆ ಇಳಿದಂತೆ ಲೆನ್ಸೂ ಕುಗ್ಗುತ್ತ ಬಂತು. ಕೊನೆಗೆ ಕೈಗೆಟುಕಿದ್ದರಲ್ಲಿ ಕಣ್ಣಿಟ್ಟು ನೋಡಿದರೆ, ಎದುರು ಗೋಡೆಯ ಗಡಿಯಾರ ಎದುರು ಗೋಡೆಯಲ್ಲೇ ಇತ್ತು. ಒಂದಿಂಚೂ ಹತ್ತಿರ ಬಂದಿರಲಿಲ್ಲ.

"ಇದರಲ್ಲಿ ಹಕ್ಕಿ?"

"ಹಕ್ಕಿ ನಿಮ್ಮ ಭುಜದ ಮೇಲೆ ಕೂತ್ರೆ ಚೆನ್ನಾಗಿ ಬರುತ್ತೆ, ಸಾರ್."

ಅಲ್ಲಿಂದ ಅವರು ಹೋದದ್ದು ಹಿಂದಿನ ಓಣಿಯ ಹಳೆ ಸಾಮಾನಿನ ಅಂಗಡಿಗೆ. ಒಳಗೆ ಒಂದೇ ದೀಪ. ಗಾಜಿನ ಬೀರುಗಳ ತುಂಬ ಹಳೆಯ ಲೆನ್ಸುಗಳು ಸಾಲಾಗಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದವು. ಇವರು ಎಡಕ್ಕೆ ಸರಿದರೆ ಗಾಜುಗಳೊಳಗಿನ ಹೊಳಪೂ ಎಡಕ್ಕೆ ಸರಿಯಿತು. ಮಾಲೀಕ ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ ಹಾಕಿಕೊಂಡಿದ್ದ.

"ಇಷ್ಟೊಂದು ಎಲ್ಲಿಂದ ಬರುತ್ವೆ?" ಎಂದರು ತಲೆದೂಗಪ್ಪ.

"ತೀರಿಕೊಂಡವರದ್ದೇ ಹೆಚ್ಚು, ಸಾರ್. ಮಕ್ಕಳಿಗೆ ಬೇಡ. ತಂದುಕೊಟ್ಟು ಹೋಗ್ತಾರೆ."

ತಲೆದೂಗಪ್ಪನವರಿಗೆ ಕಸುಬಿನ ಬಂಧುವೊಬ್ಬ ಸಿಕ್ಕಂತಾಯಿತು.

ಮಾಲೀಕ ಮೊದಲು ಉದ್ದನೆಯದೊಂದನ್ನು ತೋರಿಸಿದ. ಅದರೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಇನ್ನೊಂದನ್ನು ಕೆಳಮುಖ ಹಿಡಿದರೆ ತಾನಾಗೇ ಜಾರಿ ಉದ್ದವಾಗುತ್ತಿತ್ತು. ಮೂರನೆಯದು ಪೌಡರ್ ಡಬ್ಬಿಯ ಹಾಗೆ ಗಿಡ್ಡಕ್ಕೆ, ದಪ್ಪಕ್ಕೆ ಇತ್ತು.

"ಕನ್ನಡಿ ಲೆನ್ಸು. ಉದ್ದ ಕಮ್ಮಿ, ಎಟುಕು ಜಾಸ್ತಿ, ದುಡ್ಡೂ ಕಮ್ಮಿ. ಫೋಕಸ್ಸು ಕೈಯಲ್ಲೇ ತಿರುಗಿಸ್ಬೇಕು, ಬೆಳಕು ಚೆನ್ನಾಗಿರ್ಬೇಕು. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಉಂಗುರ ಬರುತ್ತೆ."

ತಲೆದೂಗಪ್ಪನವರ ಕಿವಿ ನೆಟ್ಟಗಾಯಿತು. "ಅದಕ್ಕೆ ಬೇರೆ ದುಡ್ಡಾ?"

ಮಾಲೀಕ ಹಣೆಯ ಕನ್ನಡಕವನ್ನೂ ಕೆಳಗಿಳಿಸಿ ಅವರನ್ನು ನೋಡಿದ. "ಇಲ್ಲ ಸಾರ್. ಅದು ತಾನಾಗೇ ಬರುತ್ತೆ."

"ಎಷ್ಟು ಬರುತ್ವೆ?"

"ಬೆಳಕಿನ ಮೇಲೆ ಹೋಗುತ್ತೆ. ಕೆಲವು ಸಲ ಒಂದೆರಡು, ಕೆಲವು ಸಲ ಲೆಕ್ಕಕ್ಕೇ ಸಿಗಲ್ಲ. ಕೆಲವರಿಗೆ ಅದನ್ನ ಕಂಡ್ರೆ ಹೆದರಿಕೆ."

"ನಮಗೆ ಅಂಥದ್ದೇನೂ ಇಲ್ಲ," ಎಂದು ತಲೆದೂಗಪ್ಪ ಧಾರಾಳವಾಗಿ ತಲೆಯಾಡಿಸಿದರು. ಉಂಗುರವನ್ನು ಪುಕ್ಕಟೆಯಾಗಿ, ಅದೂ ಲೆಕ್ಕವಿಲ್ಲದಷ್ಟು ಕೊಡುವ ಅಂಗಡಿಯನ್ನು ಬಿಟ್ಟು ಟೈ ಕಟ್ಟಿದವನ ಹತ್ತಿರ ಹೋದದ್ದಕ್ಕೆ ಅವರಿಗೆ ತಮ್ಮ ಮೇಲೇ ಬೇಸರವಾಯಿತು.

ಅದೃಷ್ಟಕ್ಕೆ ಲೆನ್ಸು ಭಾವಮೈದುನನ ಕ್ಯಾಮೆರಾಕ್ಕೆ ನೇರವಾಗೇ ಕೂತಿತು. ಮರುದಿನ ಬೆಳಗಾಗುತ್ತಲೇ ಅವರು ತಮ್ಮ ಕಟ್ಟಡದ ತಾರಸಿಗೆ ಹತ್ತಿದರು. ಆಗಷ್ಟೇ ಮಳೆ ನಿಂತಿತ್ತು. ಬೀದಿಯ ಆಚೆಗಿನ ಮನೆಯ ಮುಂದೆ ಹಾದುಹೋದ ಕೇಬಲ್ ತಂತಿಯ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಮೀನಿಲ್ಲದ ಬೀದಿಯಲ್ಲಿ ಅದಕ್ಕೇನು ಕೆಲಸ ಎಂದು ಇವರಿಗೆ ಹೊಳೆಯಲಿಲ್ಲ. ಲೆನ್ಸಿನೊಳಗೆ ಕಣ್ಣಿಟ್ಟರೆ ಲೋಕವೆಲ್ಲ ನೀರಿನ ತಳದಲ್ಲಿದ್ದ ಹಾಗೆ ಮಬ್ಬಾಗಿ, ಸದ್ದಿಲ್ಲದೆ ತೇಲುತ್ತಿತ್ತು. ತಿರುಗಿಸಿ ತಿರುಗಿಸಿ ಹಕ್ಕಿಯನ್ನು ಹಿಡಿದರು. ಗುಂಡಿ ಒತ್ತಿದರು. ಹಕ್ಕಿ ಕತ್ತು ಹೊರಳಿಸಿ ಹಿಂದಿನ ಬಾಲ್ಕನಿಯ ಕಡೆ ಒಮ್ಮೆ ನೋಡಿ, ಹಾರಿಹೋಯಿತು.

ಫೋಟೊವನ್ನು ಮೊದಲು ನೋಡಿದ್ದು ಹೆಂಡತಿ. ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದವರು ಹಾಗೇ ನಿಂತರು.

"ರೀ, ಇದ್ಯಾರು?"

"ಮಿಂಚುಳ್ಳಿ."

"ಹಕ್ಕಿಯಲ್ಲ. ಹಿಂದೆ."

ತಲೆದೂಗಪ್ಪ ಆಗ ನೋಡಿದರು. ಹಕ್ಕಿಯ ಹಿಂದೆ, ಆಚೆ ಮನೆಯ ಬಾಲ್ಕನಿಯ ಕುರ್ಚಿಯಲ್ಲಿ, ಮುಖವಿಲ್ಲದ ಬೂದು ಆಕಾರವೊಂದು ಕೂತಿತ್ತು. ಅದರ ತಲೆಯ ಸುತ್ತ, ಭುಜದ ಮೇಲೆ, ಹಿಂದಿನ ಕತ್ತಲಲ್ಲಿ, ಬೆಳಕಿನ ಉಂಗುರಗಳು ತೇಲುತ್ತಿದ್ದವು. ನಡುವೆ ಟೊಳ್ಳು, ಅಂಚಿನಲ್ಲಿ ಹೊಳಪು. ಒಂದೊಂದೂ ರೆಪ್ಪೆ ಮುಚ್ಚದ ಕಣ್ಣಿನ ಹಾಗಿತ್ತು.

"ಆ ಮನೇಲಿ ಸ್ಟೇಷನ್ ಮಾಸ್ಟರು ತಾನೆ ಇರೋದು," ಎಂದರು ಹೆಂಡತಿ ಮೆಲ್ಲಗೆ. "ಪಾಪ. ಅವರನ್ನೇನು ಸುತ್ತಿಕೊಂಡಿದೆ?"

ಹೆಂಡತಿ ಈ ವಿಷಯವನ್ನು ಮೇಲಿನ ಮನೆಯ ಟೈಲರಮ್ಮನಿಗೆ ಮಾತ್ರ ಹೇಳಿದರು. ಟೈಲರಮ್ಮ ಬಟ್ಟೆ ಕೊಡಲು ಬಂದವರಿಗೆ ಮಾತ್ರ ಹೇಳಿದರು. ಬೀದಿಯಲ್ಲಿ ಬಟ್ಟೆ ಹೊಲಿಸಿಕೊಳ್ಳದವರು ಯಾರೂ ಇರಲಿಲ್ಲ.

ಟೈಲರಮ್ಮ ಅಚ್ಚು ಹಾಕಿಸಿದ ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು ತೀರ್ಪು ಕೊಟ್ಟರು. "ಕರ್ಕೊಂಡು ಹೋಗೋಕೆ ಬಂದಿವೆ. ನಿಮ್ಮ ಯಜಮಾನರಿಗೆ ಕಾಣದೆ ಇನ್ಯಾರಿಗೆ ಕಾಣುತ್ತೆ? ಅವರು ಕೂರೋ ಕಿಟಕಿ ಅಂಥದ್ದು."

ಅಲ್ಲಿಯವರೆಗೆ ತಲೆದೂಗಪ್ಪನವರ ಉದ್ಯೋಗದ ಕಡೆ ಬೀದಿ ಅಷ್ಟಾಗಿ ಗಮನ ಕೊಟ್ಟಿರಲಿಲ್ಲ. ಈಗ ಕೊಟ್ಟಿತು. ಅಷ್ಟರಲ್ಲಿ ಒಂದು ಕಾಕತಾಳೀಯ ನಡೆಯಿತು. ತಿರುವಿನ ಔಷಧಿ ಅಂಗಡಿಯ ಬೋರ್ಡಿನ ಮೇಲೆ ಕೂತ ಗುಬ್ಬಿಯ ಫೋಟೊ ತೆಗೆದಾಗ, ಒಳಗೆ ನಿಂತ ಅಂಗಡಿಯವರ ನೆತ್ತಿಯ ಮೇಲೆ ಸರಿಯಾಗಿ ಒಂದು ಉಂಗುರ ಬಂದು ಕೂತಿತ್ತು. ಮರುದಿನ ಅವರು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. "ಒಂದೇ ಉಂಗುರ, ಅದಕ್ಕೆ ಕಾಲಿಗೇ ಮುಗೀತು," ಎಂದು ಬೀದಿ ಲೆಕ್ಕ ಹಾಕಿತು.

ಅಲ್ಲಿಂದ ಮುಂದೆ ತಲೆದೂಗಪ್ಪನವರು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹೊರಟರೆ ಬೀದಿಯುದ್ದಕ್ಕೂ ಪರದೆಗಳು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದವು. ಮಾತಾಡುತ್ತ ನಿಂತವರು ಮಾತಿನ ನಡುವೆಯೇ ಮಾಯ. ಬಾಗಿಲ ಸಂದಿಯಲ್ಲಿ ಅರ್ಧ ಮುಖ ಕಾಣುವುದು, ಮುಚ್ಚುವುದು. ಅವರ ಹೆಜ್ಜೆಯ ಸದ್ದು ಅವರಿಗೇ ಹಿಂದಿನಿಂದ ಯಾರೋ ಬಂದ ಹಾಗೆ ಕೇಳಿಸುತ್ತಿತ್ತು. ಒಬ್ಬಾತ ಮಾತ್ರ ಗೋಡೆ ಬದಿಗೆ ಕರೆದು ಕಿವಿಯಲ್ಲಿ ಹೇಳಿದ, "ನಮ್ಮ ದೊಡ್ಡಪ್ಪ ಇದ್ದಾರೆ, ಸಾರ್. ಬೆಳಿಗ್ಗೆ ಹೊತ್ತು ಅಂಗಳದಲ್ಲಿ ಒಬ್ಬರೇ ಕೂರ್ತಾರೆ. ಅಲ್ಲಿ ಹಕ್ಕಿಗಳು ಬಹಳ ಬರುತ್ವೆ. ಸುಮ್ನೆ ಹೇಳಿದೆ."

ಕಚೇರಿಯಲ್ಲಿ ಮೇಡಂ ಫೋಟೊ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಹಕ್ಕಿ ಚೆನ್ನಾಗಿದೆ," ಎಂದರು. "ನೀವು ನನ್ನ ರೂಮಿನ ಕಡೆ ಹಕ್ಕಿ ಕಂಡ್ರೆ ತೆಗೀಬೇಡಿ. ಅಲ್ಲಿ ಬರೋದೆಲ್ಲ ಸಾಧಾರಣ ಹಕ್ಕಿಗಳು."

ಜನನದ ಕಿಟಕಿಯವರು ಅಂದೇ ತಮ್ಮ ಕುರ್ಚಿಯನ್ನು ಅರ್ಧ ಗಜ ದೂರ ಎಳೆದುಕೊಂಡರು.

ಇಷ್ಟಾದರೂ ನಕ್ಕು ಮರೆಯಬಹುದಿತ್ತು. ಆದರೆ ಸ್ಟೇಷನ್ ಮಾಸ್ಟರು ಹಾಸಿಗೆ ಹಿಡಿದರು. ಫೋಟೊವನ್ನು ಅವರಿಗೆ ತೋರಿಸದಂತೆ ಸೊಸೆ ಕಾದಿದ್ದರು, ಮಾತನ್ನು ಕಾಯಲಾಗಲಿಲ್ಲ. ತಮ್ಮ ಸುತ್ತ ಉಂಗುರಗಳು ನಿಂತಿವೆ ಎಂದು ಯಾರಿಂದಲೋ ಕೇಳಿದ ದಿನವೇ ಅವರು ಊಟ ಬಿಟ್ಟರು. ವೈದ್ಯರು ಬಂದು ಎಲ್ಲ ಸರಿಯಿದೆ ಎಂದರು. ಮಾಸ್ಟರು ಒಪ್ಪಲಿಲ್ಲ. ಸೊಸೆ ತಲೆದೂಗಪ್ಪನವರ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಅಣ್ಣ, ಮಾವ ನಿಮ್ಮನ್ನ ಕರೀತಿದ್ದಾರೆ. ಕ್ಯಾಮೆರಾ ಮಾತ್ರ ತರಬೇಡಿ."

ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಮಂಚದ ಮೇಲೆ ಮಾಸ್ಟರು ಗಲ್ಲದವರೆಗೆ ಹೊದ್ದು ಮಲಗಿದ್ದರು. ಆ ಮಬ್ಬಿನಲ್ಲಿ ಅವರ ಕಣ್ಣುಗಳಷ್ಟೇ ಕಾಣುತ್ತಿದ್ದವು. ತಲೆದೂಗಪ್ಪನವರಿಗೆ, ದೇವರಾಣೆಗೂ, ಅವು ಎರಡು ಉಂಗುರಗಳ ಹಾಗೇ ಕಂಡವು.

"ಬಾಪ್ಪ. ಗಾಡಿ ಎಷ್ಟೊತ್ತಿಗೆ?" ಎಂದರು ಮಾಸ್ಟರು.

"ಯಾವ ಗಾಡಿ, ಸಾರ್?"

"ನಲವತ್ತು ವರ್ಷ ಬೇರೆಯವರಿಗೆ ಹೇಳ್ತಾ ಬಂದೆ, ಗಾಡಿ ಲೇಟು, ಗಾಡಿ ಬಂತು ಅಂತ. ನನಗೆ ಹೇಳೋಕೆ ನೀನಿದ್ದೀಯ. ನಿಮ್ಮ ಆಫೀಸಿಗೆ ಮುಂಚೆನೇ ಗೊತ್ತಾಗುತ್ತಂತೆ."

"ನಮಗೆ ಆಮೇಲೇ ಗೊತ್ತಾಗೋದು, ಸಾರ್. ಎಲ್ಲರಿಗಿಂತ ಕೊನೆಗೆ."

"ಮುಚ್ಚಿಡಬೇಡಪ್ಪ. ಸರ್ಟಿಫಿಕೇಟಲ್ಲಿ ನನ್ನ ಹೆಸರು ಸರಿಯಾಗಿ ಬರೀಬೇಕು. ಪಿಂಚಣಿಯವರು ಒಂದು ಕೊಂಬು ತಪ್ಪು ಹಾಕಿದ್ದಾರೆ. ಬದುಕಿರೋತನಕ ಸಹಿಸಿಕೊಂಡೆ. ಸತ್ತ ಮೇಲೆ ಸಹಿಸಲ್ಲ. ಆಯ್ತಾ?"

ಬೇಡ ಬೇಡವೆಂದು ಎಷ್ಟು ಬಿಗಿಹಿಡಿದರೂ ಕತ್ತು ಕೇಳಲಿಲ್ಲ. ತಲೆದೂಗಪ್ಪನವರ ತಲೆ ಮೆಲ್ಲಗೆ ಆಡಿತು. ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ಮಾಸ್ಟರು ತೃಪ್ತಿಯಿಂದ ಕಣ್ಣು ಮುಚ್ಚಿಕೊಂಡರು.

ತಾನು ಒಬ್ಬ ಮನುಷ್ಯನನ್ನು ಕೈಯಾರೆ, ಅಲ್ಲ, ತಲೆಯಾರೆ ಕೊಲ್ಲುತ್ತಿದ್ದೇನೆ ಎಂಬುದು ತಲೆದೂಗಪ್ಪನವರಿಗೆ ಮೆಟ್ಟಿಲಿಳಿಯುವಾಗ ಅರ್ಥವಾಯಿತು. ನೆಟ್ಟಗೆ ಓಣಿಯ ಅಂಗಡಿಗೆ ಹೋದರು. ಲೆನ್ಸನ್ನು ಮಾಲೀಕನ ಮುಂದಿಟ್ಟರು.

"ಇದು ಯಾರದ್ದು? ಯಾವ ಸತ್ತವರದ್ದು? ನಿಜ ಹೇಳಿ. ಇದರಲ್ಲಿ ಏನೇನೋ ಕಾಣುತ್ತೆ."

"ಏನು ಕಾಣುತ್ತೆ?"

"ಉಂಗುರ."

"ನಾನು ಹೇಳಿದ್ನಲ್ಲ ಸಾರ್, ಉಂಗುರ ಬರುತ್ತೆ ಅಂತ. ನೀವು ತಲೆಯಾಡಿಸಿದ್ರಿ."

ಮಾಲೀಕ ಲೆನ್ಸಿನ ಮುಖವನ್ನು ಅವರ ಕಡೆ ತಿರುಗಿಸಿದ. ಗಾಜಿನ ನಟ್ಟನಡುವೆ ಒಂದು ಕಪ್ಪು ಬಿಲ್ಲೆಯಿತ್ತು. "ಇದರ ಹಿಂದೆ ಸಣ್ಣ ಕನ್ನಡಿ. ನಡುವಿನ ಬೆಳಕನ್ನ ಅದು ತಡೀತದೆ, ಸುತ್ತಲಿನದು ಮಾತ್ರ ಒಳಗೆ ಬರುತ್ತೆ. ಅದಕ್ಕೇ ಹಿಂದೆ ಮಸುಕಾಗಿರೋ ಹೊಳೆಯೋ ಚುಕ್ಕಿಯೆಲ್ಲ ಉಂಗುರ ಆಗ್ತವೆ. ಮಳೆಹನಿ, ಸ್ಟೀಲ್ ಪಾತ್ರೆ, ಬಾಟಲಿ, ಯಾವುದಾದ್ರೂ ಸರಿ. ಅಗ್ಗದ ಲೆನ್ಸಿನ ಗುಣ, ಸಾರ್. ದೆವ್ವ ಬೇಕಂದ್ರೆ ಜಾಸ್ತಿ ದುಡ್ಡಾಗುತ್ತೆ."

ತಲೆದೂಗಪ್ಪನವರಿಗೆ ಕಾಲು ನೆಲಕ್ಕೆ ತಾಗಿದ ಹಾಗಾಯಿತು. ಅದೇ ಸಂಜೆ, ಬಿಸಿಲಿರುವಾಗಲೇ, ಇಡೀ ಬೀದಿಯನ್ನು ತಾರಸಿಗೆ ಕರೆದರು. ಟೈಲರಮ್ಮನಿಂದ ಚಮಕಿ ಬಟ್ಟೆಯೊಂದನ್ನು ಕಾಡಿ ಬೇಡಿ ಇಸಿದುಕೊಂಡು ದೂರದ ಗೋಡೆಗೆ ಇಳಿಬಿಟ್ಟರು. ಅದರ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ಫೋಟೊ ತೆಗೆದರು. ಜನ ಬಂದದ್ದು ವಿಜ್ಞಾನದ ಆಸೆಗಲ್ಲ, ಮಾಸ್ಟರನ್ನು ಕುರ್ಚಿ ಸಮೇತ ಹೊತ್ತು ತರುತ್ತಾರೆ ಎಂಬ ಸುದ್ದಿಗೆ. ಮಾಸ್ಟರು ಬಂದರು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಅವರ ಕುರ್ಚಿಯನ್ನು ನೀರಿನ ಟ್ಯಾಂಕಿನ ಕೋಣೆಯ ಕತ್ತಲ ಬಾಗಿಲ ಮುಂದೆ ಇಟ್ಟರು. ಅಲ್ಲೇ ಅವರದೂ ಒಂದು ಫೋಟೊ ಆಯಿತು.

"ನೋಡಿ ಈಗ," ಎಂದು ತಲೆದೂಗಪ್ಪ ಗೆದ್ದವರ ದನಿಯಲ್ಲಿ ಹೇಳಿದರು. "ಟೈಲರಮ್ಮನ ಹಿಂದೆ ಉಂಗುರ. ನನ್ನ ಹೆಂಡತಿ ಹಿಂದೆ ಉಂಗುರ. ಎಲ್ಲರ ಹಿಂದೆಯೂ ಉಂಗುರ. ಎಲ್ಲ ಕನ್ನಡಿ ಆಟ."

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಚಮಕಿ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು.

"ಮಾಸ್ಟರಿಗೆ ಮಾತ್ರ ಇಲ್ಲ," ಎಂದರು ಟೈಲರಮ್ಮ.

"ಅವರ ಹಿಂದೆ ಕತ್ತಲಿತ್ತು, ಅದಕ್ಕೆ."

"ಕನ್ನಡಿ ವಿಷಯ ಇರ್ಲಿ ಬಿಡಿ. ನಮಗೆಲ್ಲ ಇದೆ, ಅವರಿಗೆ ಇಲ್ಲ. ಅಷ್ಟು ಹೇಳಿ ಸಾಕು."

ಮಾಸ್ಟರು ಕ್ಯಾಮೆರಾ ಇಸಿದುಕೊಂಡು ತಮ್ಮ ಫೋಟೊ ನೋಡಿದರು. ಆಮೇಲೆ ಮಿಕ್ಕವರದನ್ನು ಒಂದೊಂದಾಗಿ, ಬಹಳ ಸಾವಧಾನವಾಗಿ ನೋಡಿದರು. "ಹಾಗಾದ್ರೆ ನನ್ನ ಗಾಡಿ ಕ್ಯಾನ್ಸಲ್," ಎಂದರು. ಸೊಸೆಯ ಕಡೆ ತಿರುಗಿ, "ಊಟಕ್ಕೆ ಏನಿದೆಯಮ್ಮ?" ಎಂದರು. ಕುರ್ಚಿಯನ್ನು ಅಲ್ಲೇ ಬಿಟ್ಟು, ನಡೆದುಕೊಂಡೇ ಮೆಟ್ಟಿಲಿಳಿದರು.

ಮಿಕ್ಕವರು ಬಹಳ ಹೊತ್ತು ಇಳಿಯಲಿಲ್ಲ. ಆ ವಾರವೆಲ್ಲ ಬೀದಿ ಎಂದಿಲ್ಲದ ಸದ್ಗುಣದಿಂದ ನಡೆದುಕೊಂಡಿತು. ಟೈಲರಮ್ಮ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟರು. ಅತ್ತೆ ಸೊಸೆಯರು ಒಬ್ಬರಿಗೊಬ್ಬರು ಬಡಿಸಿದರು. ಗಾಡಿ ನಿಲ್ಲಿಸುವ ಜಾಗಕ್ಕೆ ಯಾರೂ ಕಿತ್ತಾಡಲಿಲ್ಲ. ಹೊರಟು ನಿಂತವರ ಜೊತೆ ಯಾರು ತಾನೆ ಜಗಳವಾಡುತ್ತಾರೆ? ಯಾರೂ ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಎಲ್ಲ ಮೊದಲಿನಂತಾಯಿತು, ಜಗಳಗಳೂ ಮರಳಿ ಬಂದವು.

ಒಂದು ಸಂಜೆ ಮಾಸ್ಟರು ಕೈಬೀಸಿಕೊಂಡು ತಲೆದೂಗಪ್ಪನವರ ಮನೆಗೆ ಬಂದರು. ಮುಖದಲ್ಲಿ ಕಳೆಯಿತ್ತು. ಚಹಾ ಕುಡಿದರು. ಆಮೇಲೆ ಲೋಟ ಕೆಳಗಿಟ್ಟು, "ಅಲ್ಲಪ್ಪ, ಆ ಮೊದಲನೇ ಫೋಟೊ ಊರೆಲ್ಲ ನೋಡಿದೆ. ನಾನೊಬ್ಬನೇ ನೋಡಿಲ್ಲ. ಸತ್ತುಹೋಗ್ತಿದ್ದೆನಲ್ಲ ಅದರಿಂದ, ತೋರಿಸು ನೋಡೋಣ," ಎಂದರು.

ತಲೆದೂಗಪ್ಪ ನಗುತ್ತ ಫೋಟೊ ತಂದುಕೊಟ್ಟರು. "ನೋಡಿ, ಈ ಉಂಗುರವೆಲ್ಲ ನಿಮ್ಮ ಹೂಕುಂಡದ ಎಲೆ ಮೇಲಿನ ಮಳೆಹನಿ. ಇದು ಕಂಬಿ ಮೇಲಿನ ಹನಿ. ಈ ಬೂದುಬಣ್ಣದ್ದು ನೀವು. ಫೋಕಸ್ಸಿಲ್ಲದ್ದಕ್ಕೆ ಮುಖ ಬಂದಿಲ್ಲ."

ಮಾಸ್ಟರು ಫೋಟೊವನ್ನು ಬೆಳಕಿಗೆ ಹಿಡಿದರು. ಅವರ ಮುಖದ ನಗು ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ.

"ಇದು ನಾನಲ್ಲ," ಎಂದರು.

"ನೀವೇ, ಸಾರ್. ನಿಮ್ಮ ಬಾಲ್ಕನಿ, ಮೂಲೆ ಕುರ್ಚಿ."

"ಕುರ್ಚಿ ಗೊತ್ತಪ್ಪ. ಅದರಲ್ಲಿ ನಾನು ಕೂರಲ್ಲ. ಯಾರೂ ಕೂರಲ್ಲ. ಅದು ನಮ್ಮನೆಯವಳ ಕುರ್ಚಿ."

ಮಾಸ್ಟರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಆ ಸರ್ಟಿಫಿಕೇಟಿಗೆ ಮೊಹರು ಒತ್ತಿದ್ದವರು ತಲೆದೂಗಪ್ಪನವರೇ. ಅವರು ಫೋಟೊದ ಕಡೆ ಬಗ್ಗಿದರು. "ಒಗೆದ ಬಟ್ಟೆ ಹಾಕಿದ್ದಿರಬಹುದು, ಸಾರ್. ಸೊಸೆ ಒಣಗೋಕೆ..."

"ಮಳೆ ಆಗಷ್ಟೇ ನಿಂತಿರೋವಾಗ?" ಮಾಸ್ಟರು ಫೋಟೊದಿಂದ ಕಣ್ಣು ತೆಗೆಯಲಿಲ್ಲ. ಬೆರಳಿನಿಂದ ಆ ಆಕಾರದ ಮೇಲ್ತುದಿಯನ್ನು ಮುಟ್ಟಿದರು. "ಇಲ್ನೋಡು, ತಲೆ ಎತ್ತಿದೆ. ಶಾಲು ಕಿವಿ ಮೇಲೆ ಬಂದಿದೆ. ಒಗೆದ ಬಟ್ಟೆ ತಲೆ ಎತ್ತಿ ಹಕ್ಕಿ ನೋಡುತ್ತೇನಪ್ಪ?"

ಕನ್ನಡಿ, ಬಿಲ್ಲೆ, ಸುತ್ತಲಿನ ಬೆಳಕು, ಎಲ್ಲ ತಲೆದೂಗಪ್ಪನವರ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತವು. ಅದು ಉಂಗುರಕ್ಕೆ ಉತ್ತರ. ಕೂತವರಿಗೆ ಉತ್ತರವಲ್ಲ. ಇಷ್ಟು ದಿನ ಇಡೀ ಬೀದಿ ಉಂಗುರಗಳನ್ನು ನೋಡಿ ಹೆದರಿತ್ತು. ಕುರ್ಚಿಯಲ್ಲಿ ಕೂತವರು ಯಾರೆಂದು ಒಬ್ಬರೂ ಕೇಳಿರಲಿಲ್ಲ.

ಮಾಸ್ಟರು ಹೆದರಲಿಲ್ಲ. ಫೋಟೊವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ತಿರುಗಿ, ಸಂಕೋಚದಿಂದ ಕೇಳಿದರು, "ಬೆಳಿಗ್ಗೆ ಬಿಡುವಿದ್ರೆ, ಇನ್ನೊಂದು ತೆಗೀತೀಯಾ?"

ಮರುದಿನ ಬೆಳಿಗ್ಗೆ ತಲೆದೂಗಪ್ಪ ತಾರಸಿಯಲ್ಲಿ ನಿಂತಿದ್ದರು. ಮತ್ತೆ ಮಳೆ ಬಂದು ನಿಂತಿತ್ತು. ಆಚೆ ಬಾಲ್ಕನಿಗೆ ಮಾಸ್ಟರು ಒಳಗಿನಿಂದ ಇನ್ನೊಂದು ಕುರ್ಚಿ ತಂದು, ಮೂಲೆಯ ಕುರ್ಚಿಯ ಪಕ್ಕಕ್ಕೆ ಹಾಕಿಕೊಂಡು ಕೂತರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಪಕ್ಕದ ಕುರ್ಚಿ ಖಾಲಿಯಿತ್ತು.

ತಲೆದೂಗಪ್ಪ ಲೆನ್ಸಿಗೆ ಕಣ್ಣಿಟ್ಟರು. ಲೋಕ ನೀರಿನ ತಳಕ್ಕೆ ಇಳಿಯಿತು. ತಂತಿ ಸ್ಪಷ್ಟವಾಗಿತ್ತು, ಅದರ ಹಿಂದೆ ಉಂಗುರಗಳು ತೇಲುತ್ತಿದ್ದವು. ಉಂಗುರಗಳ ನಡುವೆ ಒಂದರ ಪಕ್ಕ ಒಂದು, ಎರಡು ಬೂದು ಆಕಾರಗಳು. ಒಂದು ಇನ್ನೊಂದರ ಕಡೆಗೆ ಸ್ವಲ್ಪ ವಾಲಿತ್ತು. ಕಣ್ಣು ತೆಗೆದು ಬರಿಗಣ್ಣಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು.

ಚಹಾ ಹಿಡಿದು ಮೇಲೆ ಬಂದ ಹೆಂಡತಿ ಹಿಂದಿನಿಂದ ಕೇಳಿದರು, "ಏನ್ರೀ, ಹಕ್ಕಿ ಬಂತಾ?"

"ಬಂತು," ಎಂದರು ತಲೆದೂಗಪ್ಪ.

ತಂತಿಯ ಮೇಲೆ ಹಕ್ಕಿ ಇರಲಿಲ್ಲ.